ಬೀರುವಿನಲ್ಲಿದ್ದ ಏಳು ತಿಂಗಳು

ಆ ಕಾಗದ ಏಳು ತಿಂಗಳು ನನ್ನ ಬೀರುವಿನಲ್ಲಿತ್ತು. ಬಟ್ಟೆಗಳ ಅಡಿಯಲ್ಲಿ, ಅವಧಿ ಮುಗಿದ ವಿಮಾ ಪತ್ರಗಳ ಜೊತೆಗೆ, ನಾಲ್ಕು ಮಡಿಕೆಯಾಗಿ. ಕಚೇರಿಯವರು ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆಯ ಪಟ್ಟಿಗೆ ಆ ವರ್ಷ ಹೊಸದಾಗಿ ಸೇರಿದ್ದ ಒಂದು ಪರೀಕ್ಷೆಯ ಫಲಿತಾಂಶ ಅದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಎಲ್ಲವೂ ಸರಿಯಾಗಿದ್ದವು. ಕೊನೆಯ ಪುಟದಲ್ಲಿ ಮಾತ್ರ ‘ಎಚ್‌ಪಿವಿ 16: ಪಾಸಿಟಿವ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ವರದಿಯನ್ನು ಕೈಗಿತ್ತ ಸಿಬ್ಬಂದಿ, ಪಕ್ಕದಲ್ಲಿ ಇನ್ನೂ ಮೂವರು ಕಾಯುತ್ತಿದ್ದಾಗಲೇ, ‘ಇದು ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಮೇಡಂ, ಮನೆಯವರನ್ನೂ ಒಮ್ಮೆ ಕೇಳಿ ನೋಡಿ’ ಎಂದು ಹೇಳಿ ಮುಂದಿನವರ ಹೆಸರು ಕರೆದರು. ಮುಂದೆ ಯಾರನ್ನು ಕಾಣಬೇಕು, ಎಷ್ಟು ದಿನದೊಳಗೆ ಕಾಣಬೇಕು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗ ನನಗೆ 41 ವರ್ಷ.

ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಗರ್ಭಕಂಠದ ಕ್ಯಾನ್ಸರಿನಷ್ಟು ನಿಧಾನವಾಗಿ ಬೆಳೆಯುವ, ಬರುವ ಮುನ್ನ ಇಷ್ಟು ವರ್ಷ ಮುಂಚೆ ಸುಳಿವು ಕೊಡುವ ಕ್ಯಾನ್ಸರ್ ವಿರಳ. ಆದರೂ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 6.6 ಲಕ್ಷ ಮಹಿಳೆಯರಿಗೆ ಅದು ಹೊಸದಾಗಿ ಬಂದಿತು, ಸುಮಾರು 3.5 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಲಸಿಕೆಯೇ ತಲುಪದ, ತಪಾಸಣೆಯೇ ಸಿಗದ ಮಹಿಳೆಯರು ಇವರಲ್ಲಿ ಬಹುಪಾಲು ಎಂಬುದು ನಿಜ. ಆದರೆ ತಪಾಸಣೆ ಮಾಡಿಸಿಕೊಂಡು, ಫಲಿತಾಂಶವನ್ನೂ ಪಡೆದು, ಆ ಫಲಿತಾಂಶ ಮತ್ತು ಚಿಕಿತ್ಸೆಯ ನಡುವಿನ ದಾರಿಯಲ್ಲಿ ಎಲ್ಲಿಯೋ ಕಳೆದುಹೋಗುವ ಇನ್ನೊಂದು ಗುಂಪಿದೆ. ಏಳು ತಿಂಗಳ ಕಾಲ ನಾನು ಆ ಗುಂಪಿನಲ್ಲಿದ್ದೆ. ಈ ಬರಹ ಮುಖ್ಯವಾಗಿ ಆ ದಾರಿಯ ಕುರಿತದ್ದು.

ಮೊದಲು ವೈರಸ್ಸಿನ ವಿಷಯ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಎಂಬುದು ಒಂದು ದೊಡ್ಡ ಕುಟುಂಬ. ಇದುವರೆಗೆ 200ಕ್ಕೂ ಹೆಚ್ಚು ಮಾದರಿಗಳನ್ನು ಗುರುತಿಸಿದ್ದಾರೆ. ಕೈಕಾಲಿನ ಮೇಲೆ ಏಳುವ ನರೂಲಿಗಳೂ ಇದೇ ಕುಟುಂಬದ ಕೆಲಸ. ಜನನಾಂಗದ ನರೂಲಿಗಳಿಗೆ ಹೆಚ್ಚಾಗಿ 6 ಮತ್ತು 11ನೇ ಮಾದರಿಗಳು ಕಾರಣ, ಅವು ಕ್ಯಾನ್ಸರಿಗೆ ತಿರುಗುವಂಥವಲ್ಲ. ಅಪಾಯಕಾರಿ ಎನ್ನಿಸಿಕೊಂಡ ಹನ್ನೆರಡು ಹದಿನಾಲ್ಕು ಮಾದರಿಗಳಲ್ಲಿ 16 ಮತ್ತು 18 ಎಂಬ ಎರಡೇ ಸೇರಿ ಗರ್ಭಕಂಠದ ಕ್ಯಾನ್ಸರಿನ ಶೇ 70ರಷ್ಟು ಪ್ರಕರಣಗಳಿಗೆ ಕಾರಣವಾಗುತ್ತವೆ. ಈ ನಂಟನ್ನು ತೋರಿಸಿಕೊಟ್ಟವರು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್. ಈ ಕ್ಯಾನ್ಸರಿಗೆ ಹರ್ಪಿಸ್ ವೈರಸ್ ಕಾರಣವೆಂದು ಬಹುತೇಕ ವಿಜ್ಞಾನಿಗಳು ನಂಬಿದ್ದ ಕಾಲದಲ್ಲಿ ಅವರು ಬೇರೆಯದೇ ದಿಕ್ಕು ಹಿಡಿದು, 1983ರಲ್ಲಿ 16ನೇ ಮಾದರಿಯನ್ನೂ ಮರುವರ್ಷ 18ನೆಯದನ್ನೂ ಗೆಡ್ಡೆಯ ಅಂಗಾಂಶದಲ್ಲಿ ಪತ್ತೆಹಚ್ಚಿದರು; 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1951ರಲ್ಲಿ ಇದೇ ಕ್ಯಾನ್ಸರಿನಿಂದ 31ನೇ ವಯಸ್ಸಿಗೆ ತೀರಿಕೊಂಡ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ದೇಹದಿಂದ ತೆಗೆದು, ಅವರ ಅನುಮತಿಯನ್ನೂ ಕೇಳದೆ ಬೆಳೆಸಿದ ಜೀವಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಜೀವಂತವಾಗಿವೆ. ಅವುಗಳೊಳಗೂ 18ನೇ ಮಾದರಿಯ ವೈರಸ್ಸೇ ಇದೆ.

ವೈರಸ್ ಹೊಕ್ಕವರಿಗೆಲ್ಲ ರೋಗ ಬರುವುದಿಲ್ಲ ಎಂಬುದನ್ನು ಆ ಸಿಬ್ಬಂದಿ ಒಂದು ವಾಕ್ಯದಲ್ಲಿ ಹೇಳಿದ್ದರೆ ನನ್ನ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು. ಲೈಂಗಿಕ ಬದುಕು ಆರಂಭಿಸಿದ ಬಹುಪಾಲು ಹೆಣ್ಣು ಗಂಡುಗಳಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ. ಚರ್ಮಕ್ಕೆ ಚರ್ಮ ತಾಗಿದರೂ ಅದು ದಾಟುವುದರಿಂದ ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿಯಾಗಿ ತಡೆಯಲಾರದು. ಹತ್ತರಲ್ಲಿ ಸುಮಾರು ಒಂಬತ್ತು ಸೋಂಕುಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಎರಡು ವರ್ಷದೊಳಗೆ ಹೊರದಬ್ಬಿಯೋ ಅಡಗಿಸಿಯೋ ಬಿಡುತ್ತದೆ, ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಉಳಿದ ಆ ಒಂದು, ವರ್ಷಗಟ್ಟಲೆ ಅಲ್ಲಿಯೇ ಕೂತು ಬಿಡುವ ಸೋಂಕು, ತೊಂದರೆ ಕೊಡುವಂಥದ್ದು. ಧೂಮಪಾನ ಮಾಡುವವರಲ್ಲಿ ಅದು ಬೇರೂರುವ ಸಂಭವ ಹೆಚ್ಚು. ಎಚ್‌ಐವಿ ಇರುವ ಮಹಿಳೆಯರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಆರು ಪಟ್ಟು ಹೆಚ್ಚು.

ಗರ್ಭಕೋಶದ ಕೆಳತುದಿ ಯೋನಿಯೊಳಕ್ಕೆ ಇಳಿದು ನಿಲ್ಲುವ ಭಾಗವೇ ಗರ್ಭಕಂಠ. ಮನೆಮಾತಿನಲ್ಲಿ ಗರ್ಭಕೋಶದ ಬಾಯಿ. ಅದರ ಹೊರಮೈಗೆ ಚಪ್ಪಟೆ ಜೀವಕೋಶಗಳ ಹಲವು ಪದರಗಳ ಹೊದಿಕೆ, ಒಳನಾಳಕ್ಕೆ ಲೋಳೆ ಸ್ರವಿಸುವ ಉದ್ದನೆಯ ಜೀವಕೋಶಗಳ ಒಂದೇ ಪದರ. ಇವೆರಡೂ ಕೂಡುವ ಗಡಿ ಹರೆಯದಲ್ಲಿ ಮತ್ತು ಬಸಿರಿನಲ್ಲಿ ಹೊರಕ್ಕೆ ಸರಿಯುತ್ತದೆ, ವಯಸ್ಸಾದಂತೆ ನಾಳದ ಒಳಕ್ಕೆ ಹಿಂದೆ ಸರಿಯುತ್ತದೆ. ಆ ಗಡಿ ಓಡಾಡಿದ ಜಾಗದಲ್ಲಿ ಒಂದು ಬಗೆಯ ಜೀವಕೋಶಗಳು ಇನ್ನೊಂದು ಬಗೆಯಾಗಿ ಮಾರ್ಪಡುತ್ತಲೇ ಇರುತ್ತವೆ, ವೈರಸ್ಸಿಗೆ ಬೇಕಾದದ್ದೂ ಅಂಥದೇ ಜಾಗ. ಅಲ್ಲಿ ನೆಲೆಯೂರಿದ ವೈರಸ್ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳನ್ನು ತಯಾರಿಸುತ್ತದೆ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವ ನಮ್ಮದೇ ಕಾವಲು ಪ್ರೋಟೀನುಗಳಲ್ಲಿ ಒಂದನ್ನು ಇ6 ನಾಶಮಾಡಿದರೆ, ಇನ್ನೊಂದನ್ನು ಇ7 ಕಟ್ಟಿಹಾಕುತ್ತದೆ. ಕಾವಲು ತಪ್ಪಿದ ಜೀವಕೋಶಗಳು ಅಂಕೆಯಿಲ್ಲದೆ ಹೆಚ್ಚುತ್ತ ಹೋಗುವ ಈ ಹಂತವನ್ನು ವೈದ್ಯರು ಸಿಐಎನ್ ಎಂದು ಕರೆದು 1, 2, 3 ಎಂದು ಗುರುತು ಹಾಕುತ್ತಾರೆ. ಒಂದನೆಯದು ಬಹುಮಟ್ಟಿಗೆ ತಾನಾಗಿಯೇ ಮಾಯವಾಗುತ್ತದೆ. ಮೂರನೆಯದರಲ್ಲಿ ಹೊದಿಕೆಯ ಪೂರ್ತಿ ದಪ್ಪವೂ ಕೆಟ್ಟಿರುತ್ತದೆ, ಆದರೆ ತಳದ ಪೊರೆಯನ್ನು ಅದು ಇನ್ನೂ ಒಡೆದಿರುವುದಿಲ್ಲ. ಒಡೆದರೆ ಅದು ಕ್ಯಾನ್ಸರ್. ಸೋಂಕಿನಿಂದ ಅಲ್ಲಿಗೆ ತಲುಪಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷವೇ ಸಾಕಾಗಬಹುದು.

ಈ ಯಾವುದೂ ನನಗೆ ಆಗ ತಿಳಿದಿರಲಿಲ್ಲ. ತಿಳಿದದ್ದು ‘ಮನೆಯವರನ್ನೂ ಕೇಳಿ ನೋಡಿ’ ಎಂಬ ಮಾತು ಮಾತ್ರ. ಮದುವೆಯಾಗಿ ಹದಿನಾರು ವರ್ಷ ಕಳೆದಿದ್ದ ಮನೆಯಲ್ಲಿ ಆ ಒಂದು ಮಾತು ಮಾಡಿದ ಕೆಲಸವನ್ನು ವಿವರವಾಗಿ ಬರೆಯಲು ಮನಸ್ಸಿಲ್ಲ. ನಾನು ಕೇಳಲಿಲ್ಲ, ಕೇಳದೆಯೇ ಅನುಮಾನಿಸಿದೆ. ಕೇಳಿದರೆ ನನ್ನನ್ನೇ ಅನುಮಾನಿಸಿಯಾರು ಎಂದೂ ಅಂಜಿದೆ. ಕಾಗದ ಬೀರು ಸೇರಿದ್ದು ಕ್ಯಾನ್ಸರಿನ ಭಯದಿಂದ ಎಂದು ಬಹುಕಾಲ ನನಗೆ ನಾನೇ ಹೇಳಿಕೊಂಡಿದ್ದೆ, ಈಗ ಯೋಚಿಸಿದರೆ ಅದು ನಾಚಿಕೆಯಿಂದ. ಕೊನೆಗೂ ನಾನು ಕಂಡ ಸ್ತ್ರೀರೋಗ ತಜ್ಞೆ ಎಲ್ಲಕ್ಕಿಂತ ಮೊದಲು ಬಿಡಿಸಿದ್ದು ಆ ಗಂಟನ್ನೇ. ‘ಈ ಸೋಂಕು ಯಾವಾಗ ಬಂತು ಎಂದು ಯಾವ ಪರೀಕ್ಷೆಯಿಂದಲೂ ಹೇಳಲು ಆಗುವುದಿಲ್ಲಮ್ಮ. ಇಪ್ಪತ್ತು ವರ್ಷದ ಹಿಂದೆ ಬಂದು ಅಡಗಿದ್ದು ಈಗ ತಲೆ ಎತ್ತಿರಬಹುದು. ಅದು ನಿಮಗೆ ಅವರಿಂದ ಬಂತೋ, ಅವರಿಗೆ ನಿಮ್ಮಿಂದ ಹೋಯಿತೋ ಎಂದು ಲೆಕ್ಕ ಹಾಕುತ್ತಾ ಕೂತರೆ ಚಿಕಿತ್ಸೆಗೆ ಒಂದಿಷ್ಟೂ ಉಪಯೋಗವಿಲ್ಲ’ ಎಂದರು. ಆ ದಿನ ರಾತ್ರಿ ಕಾಗದವನ್ನು ಗಂಡನ ಮುಂದಿಟ್ಟೆ. ಅವರು ಎರಡು ಸಲ ಓದಿ, ‘ಏಳು ತಿಂಗಳು ಒಬ್ಬಳೇ ಇಟ್ಟುಕೊಂಡಿದ್ದೆಯಾ?’ ಎಂದಷ್ಟೇ ಕೇಳಿದರು.

ಕುಂದಿಲ್ಲದ ಪರೀಕ್ಷೆ ಎಂಬುದಿಲ್ಲ, ಆದರೆ ಇರುವ ಪರೀಕ್ಷೆಗಳ ಗುಣಾವಗುಣಗಳನ್ನು ತಿಳಿದಿರುವುದು ಒಳ್ಳೆಯದು. ಅವುಗಳಲ್ಲಿ ಹಳೆಯದು ಪ್ಯಾಪ್ ಸ್ಮಿಯರ್. ಗ್ರೀಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾರ್ಜ್ ಪಾಪನಿಕೊಲಾವು 1920ರ ದಶಕದಲ್ಲಿಯೇ ಇದನ್ನು ಕಂಡುಕೊಂಡಿದ್ದರೂ ವೈದ್ಯಲೋಕ ಅದಕ್ಕೆ ಕಿವಿಗೊಟ್ಟದ್ದು 1940ರ ದಶಕದಲ್ಲಿ, ಹರ್ಬರ್ಟ್ ಟ್ರಾಟ್ ಎಂಬ ಸ್ತ್ರೀರೋಗ ತಜ್ಞರೊಂದಿಗೆ ಅವರು ಪ್ರಕಟಿಸಿದ ಬರಹಗಳ ನಂತರ. ಗರ್ಭಕಂಠದ ಮೇಲಿನಿಂದ ಜೀವಕೋಶಗಳನ್ನು ಕೆರೆದು ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿನಿಂದ ನೋಡಿ ಗುರುತಿಸುವ ವಿಧಾನ ಅದು. ಅದನ್ನು ಬಿಡದೆ ನಡೆಸಿದ ದೇಶಗಳಲ್ಲಿ ಈ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಆದರೆ ಒಂದು ಬಾರಿಯ ಸ್ಮಿಯರ್ ಕೆಟ್ಟ ಜೀವಕೋಶಗಳನ್ನು ತಪ್ಪಿಸಿಬಿಡುವ ಸಂಭವ ಸಾಕಷ್ಟಿದೆ. ಮೂರು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಮಾಡಿಸುವುದರಿಂದಲೇ ಅದರ ಬಲ. ನುರಿತ ಕಣ್ಣು, ಒಳ್ಳೆಯ ಪ್ರಯೋಗಾಲಯ, ಮರಳಿ ಕರೆಯುವ ವ್ಯವಸ್ಥೆ, ಮೂರೂ ಇದ್ದರೆ ಮಾತ್ರ ಅದು ನಡೆಯುತ್ತದೆ.

ಮೂರೂ ಇಲ್ಲದ ಕಡೆಗೆಂದು ಬಂದದ್ದು ಅಸಿಟಿಕ್ ಆಮ್ಲದ ಪರೀಕ್ಷೆ. ಅಡುಗೆಯ ವಿನೆಗರಿನಷ್ಟೇ ತಿಳಿಯಾದ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುತ್ತಾರೆ. ತರಬೇತಿ ಪಡೆದ ನರ್ಸ್ ಮಾಡಬಹುದು, ಫಲಿತಾಂಶ ಆಗಲೇ ಸಿಗುತ್ತದೆ, ಬೇಕಿದ್ದರೆ ಅಂದೇ ಚಿಕಿತ್ಸೆಯೂ ಆಗುತ್ತದೆ. ಈ ಕೊನೆಯ ಗುಣ ನನ್ನಂಥವಳ ದೃಷ್ಟಿಯಲ್ಲಿ ಬಲು ದೊಡ್ಡದು, ಏಕೆಂದರೆ ಅಲ್ಲಿ ಬೀರುವಿಗೆ ಸೇರಲು ಕಾಗದವೇ ಇರುವುದಿಲ್ಲ. ಕುಂದೆಂದರೆ, ನೋಡುವವರ ಕಣ್ಣಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಗಡಿಯೇ ನಾಳದೊಳಕ್ಕೆ ಸರಿದಿರುವುದರಿಂದ ಅವರಿಗೆ ಇದು ತಕ್ಕುದಲ್ಲ.

ಈಗ ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಮಾಡುತ್ತಿರುವುದು ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆಯನ್ನು. 2021ರ ಅದರ ಮಾರ್ಗಸೂಚಿಯಂತೆ 30 ವರ್ಷದಿಂದ ಆರಂಭಿಸಿ 5ರಿಂದ 10 ವರ್ಷಗಳಿಗೊಮ್ಮೆ ಮಾಡಿಸಿದರೆ ಸಾಕು, ಎಚ್‌ಐವಿ ಇರುವವರು 25ರಿಂದಲೇ ಆರಂಭಿಸಿ 3ರಿಂದ 5 ವರ್ಷಗಳಿಗೊಮ್ಮೆ ಮಾಡಿಸಬೇಕು. ಹತ್ತು ವರ್ಷದ ಅಂತರ ಎಂದಾಗ ಹಲವರಿಗೆ ದಿಗಿಲಾಗುತ್ತದೆ. ಆದರೆ ಅದಕ್ಕೆ ಆಧಾರವಿದೆ: ವೈರಸ್ಸೇ ಇಲ್ಲದಿದ್ದರೆ ಮುಂದಿನ ಹಲವು ವರ್ಷ ಈ ಕ್ಯಾನ್ಸರ್ ಬರುವ ಸಂಭವ ತೀರಾ ಕಡಿಮೆ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಒಂದು ಬಾರಿಯ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರಿನ ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿತು. ಇನ್ನೊಂದು ಅನುಕೂಲವೆಂದರೆ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಳ್ಳಬಹುದು. ಸಣ್ಣ ಬ್ರಶ್ಶನ್ನು ಯೋನಿಯೊಳಗೆ ತೂರಿಸಿ, ಕೆಲವು ಸುತ್ತು ತಿರುಗಿಸಿ, ಕೊಳವೆಯೊಳಗಿಟ್ಟು ಮುಚ್ಚಳ ಹಾಕಿದರೆ ಮುಗಿಯಿತು. ಪರೀಕ್ಷೆಯ ಮೇಜು ಹತ್ತಲು ಸಂಕೋಚಪಡುವವರಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಆದರೆ ಪಾಸಿಟಿವ್ ಎಂಬ ಪದ ಇಲ್ಲಿ ಎಷ್ಟು ಕಡಿಮೆ ಹೇಳುತ್ತದೆ ಎಂಬುದನ್ನು ಮರೆಯಬಾರದು. ವೈರಸ್ ಇದೆ ಎಂದಷ್ಟೇ ಅದರ ಅರ್ಥ. ಅದು ಹಾನಿ ಮಾಡಿದೆಯೇ ಎಂಬುದು ಬೇರೆ ಪ್ರಶ್ನೆ. 16 ಅಥವಾ 18 ಕಂಡರೆ ಸಾಮಾನ್ಯವಾಗಿ ನೇರವಾಗಿ ಕಾಲ್ಪೊಸ್ಕೊಪಿಗೆ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆಗೆ, ಕಳುಹಿಸುತ್ತಾರೆ, ಉಳಿದ ಮಾದರಿಗಳಾದರೆ ಪ್ಯಾಪ್ ಸ್ಮಿಯರಿನಂಥ ಎರಡನೇ ಪರೀಕ್ಷೆಯಿಂದ ಸೋಸುತ್ತಾರೆ. ನನ್ನದು 16 ಆಗಿತ್ತು.

ಕಾಲ್ಪೊಸ್ಕೊಪಿಯ ಕೋಣೆಯಲ್ಲಿ ತಲೆಯ ಪಕ್ಕಕ್ಕೆ ಒಂದು ಪರದೆ ಇತ್ತು. ‘ನೋಡಬೇಕೆನಿಸಿದರೆ ನೋಡಿ, ಬೇಡವಾದರೆ ಆ ಕಡೆ ತಿರುಗಿಸುತ್ತೇನೆ’ ಎಂದರು ಡಾಕ್ಟರ್. ನೋಡಿದೆ. ನನ್ನ ದೇಹದ ಆ ಭಾಗವನ್ನು 41 ವರ್ಷಗಳಲ್ಲಿ ನಾನು ಮೊದಲ ಬಾರಿ ಕಂಡದ್ದು ಹಾಗೆ: ನಸುಗೆಂಪು ಬಣ್ಣದ, ಒದ್ದೆಯಾಗಿ ಹೊಳೆಯುವ, ನಡುವೆ ಸಣ್ಣದೊಂದು ಸೀಳು ಇರುವ ದುಂಡನೆಯ ದಿಬ್ಬ. ಏನೂ ಆಗಿಲ್ಲ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆ. ಅವರು ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಅದರ ಮೇಲೆ ಒತ್ತಿ ಹಿಡಿದರು, ಸ್ವಲ್ಪ ಚುರುಗುಟ್ಟಿತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ, ಸೀಳಿನ ಮೇಲ್ತುಟಿಯ ಎಡಭಾಗದಲ್ಲಿ, ಉಗಿ ಹಿಡಿದ ಗಾಜಿನಂತೆ ಒಂದು ಮಬ್ಬು ಮೂಡಿತು. ನೋಡನೋಡುತ್ತಿದ್ದಂತೆ ದಟ್ಟವಾಗಿ, ಅಂಚು ಸ್ಪಷ್ಟವಾಗಿ, ಸುಣ್ಣ ಬಳಿದಂತೆ ಬಿಳುಪಾಯಿತು. ಅದರೊಳಗೆ ಕೆಂಪು ಚುಕ್ಕೆಗಳ ಸಾಲೂ ಇತ್ತು, ಅವು ಹೊಸದಾಗಿ ಮೂಡಿದ ಸಣ್ಣ ರಕ್ತನಾಳಗಳ ತುದಿಗಳಂತೆ. ಆಮೇಲೆ ಅಯೋಡಿನ್ ಹಚ್ಚಿದಾಗ ಸುತ್ತಲಿನ ಆರೋಗ್ಯವಂತ ಭಾಗವೆಲ್ಲ ಕಡುಕಂದಾಗಿ, ಆ ಮಚ್ಚೆ ಮಾತ್ರ ಸಾಸಿವೆ ಹಳದಿಯಾಗಿಯೇ ಉಳಿಯಿತು. ಆರೋಗ್ಯವಾದ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ, ಅದು ಅಯೋಡಿನ್ನನ್ನು ಹೀರುತ್ತದೆ. ಕೆಟ್ಟ ಜೀವಕೋಶಗಳಲ್ಲಿ ಆ ದಾಸ್ತಾನು ಬರಿದಾಗಿರುತ್ತದೆ. ಮಚ್ಚೆಯ ಎರಡು ಕಡೆಯಿಂದ ಅಕ್ಕಿಕಾಳಿನಷ್ಟು ಅಂಗಾಂಶವನ್ನು ಚಿವುಟಿ ತೆಗೆದರು. ಹತ್ತು ದಿನದ ನಂತರ ಬಯಾಪ್ಸಿ ವರದಿ ಬಂತು: ಸಿಐಎನ್ 3.

ಬೆಚ್ಚಿಬಿದ್ದೆ ಎಂದರೆ ಸುಳ್ಳಾಗುತ್ತದೆ. ಬಿಳಿ ಮಚ್ಚೆಯನ್ನು ಕಣ್ಣಾರೆ ಕಂಡಿದ್ದರಿಂದಲೋ ಏನೋ, ಅದನ್ನು ತೆಗೆಸಿ ಹಾಕಬೇಕು ಎಂಬ ಒಂದೇ ಯೋಚನೆ ಇತ್ತು. ತೆಗೆಸದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ವೈದ್ಯಶಾಸ್ತ್ರಕ್ಕೆ ಗೊತ್ತಿದೆ, ಅದು ಗೊತ್ತಾದ ಬಗೆ ಮಾತ್ರ ಹೇಸಿಗೆಯದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮಹಿಳಾ ಆಸ್ಪತ್ರೆಯೊಂದರಲ್ಲಿ 1966ರಿಂದ ಕೆಲವು ವರ್ಷ, ಈ ಹಂತ ಕ್ಯಾನ್ಸರಿಗೆ ತಿರುಗುವುದಿಲ್ಲವೆಂದು ನಂಬಿದ್ದ ಒಬ್ಬ ವೈದ್ಯರು, ಹಲವು ಮಹಿಳೆಯರಿಗೆ ತಿಳಿಸದೆಯೇ ಅವರ ಪೂರ್ಣ ಚಿಕಿತ್ಸೆಯನ್ನು ತಡೆದು ಬರೀ ಗಮನಿಸುತ್ತಾ ಹೋದರು. 1987ರಲ್ಲಿ ಇಬ್ಬರು ಲೇಖಕಿಯರು ಅದನ್ನು ಪತ್ರಿಕೆಯೊಂದರಲ್ಲಿ ಬಯಲಿಗೆಳೆದ ಮೇಲೆ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಆ ಮಹಿಳೆಯರ ದಾಖಲೆಗಳನ್ನು ಮತ್ತೆ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಸರಿಯಾದ ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳೊಳಗೆ ಶೇ 31ರಷ್ಟು ಮಂದಿಗೆ ಕ್ಯಾನ್ಸರ್ ಬಂದಿತ್ತು; ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಅದು ಶೇ 1ಕ್ಕಿಂತ ಕಡಿಮೆ. ಈ ಎರಡು ಅಂಕಿಗಳ ನಡುವೆ ಇರುವುದು ಹದಿನೈದು ನಿಮಿಷದ ಒಂದು ಸಣ್ಣ ಶಸ್ತ್ರಕ್ರಿಯೆ.

ನನಗೆ ಮಾಡಿದ್ದು ಲೀಪ್ ಎಂಬ ಚಿಕಿತ್ಸೆ. ಗರ್ಭಕಂಠಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ವಿದ್ಯುತ್ ಹರಿಯುವ ತೆಳುವಾದ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಒಂದೇ ಹೋಳಾಗಿ ಕತ್ತರಿಸಿ ತೆಗೆಯುತ್ತಾರೆ. ಚುಚ್ಚುಮದ್ದು ಕೊಟ್ಟಾಗ ಎದೆ ಡವಡವ ಎಂದಿತು, ಅದು ಮದ್ದಿನ ಗುಣವಂತೆ. ಹೊಗೆಯನ್ನು ಎಳೆದುಕೊಳ್ಳುವ ಯಂತ್ರದ ಗುಂಯ್‌ಗುಡುವಿಕೆಯನ್ನು ಬಿಟ್ಟರೆ ಕತ್ತರಿಸಿದ್ದು ಗೊತ್ತೇ ಆಗಲಿಲ್ಲ. ಕೊನೆಯಲ್ಲಿ ರಕ್ತ ನಿಲ್ಲಲು ಸಾಸಿವೆ ಬಣ್ಣದ ಒಂದು ಲೇಪ ಹಚ್ಚಿದರು. ಮುಂದಿನ ಕೆಲವು ದಿನ ಕಾಫಿಪುಡಿಯಂತೆ ಕಪ್ಪಾದ ಸ್ರಾವ ಹೋಗುತ್ತದೆ, ಹೆದರಬೇಡಿ ಎಂದು ಅವರು ಮುಂಚೆಯೇ ಹೇಳಿರದಿದ್ದರೆ ನಾನು ಮೂರನೇ ದಿನ ಖಂಡಿತ ತುರ್ತು ವಿಭಾಗಕ್ಕೆ ಓಡುತ್ತಿದ್ದೆ. ನಾಲ್ಕರಿಂದ ಆರು ವಾರ ಲೈಂಗಿಕ ಸಂಪರ್ಕ ಬೇಡ, ಭಾರ ಎತ್ತುವುದು ಬೇಡ, ದುರ್ವಾಸನೆ, ಜ್ವರ ಅಥವಾ ಮುಟ್ಟಿಗಿಂತ ಹೆಚ್ಚಿನ ರಕ್ತಸ್ರಾವ ಕಂಡರೆ ಕೂಡಲೇ ಬರಬೇಕು ಎಂದು ಬರೆದು ಕೊಟ್ಟರು. ತೆಗೆದ ಹೋಳನ್ನು ಪರೀಕ್ಷಿಸಿದಾಗ ಅಂಚುಗಳಲ್ಲಿ ರೋಗ ಉಳಿದಿರಲಿಲ್ಲ.

ಎಲ್ಲರಿಗೂ ಕತ್ತರಿಸಿಯೇ ತೆಗೆಯಬೇಕೆಂದಿಲ್ಲ. ಮಚ್ಚೆ ಪೂರ್ತಿಯಾಗಿ ಕಣ್ಣಿಗೆ ಕಾಣುವಂತಿದ್ದು, ನಾಳದೊಳಕ್ಕೆ ಹರಡದೆ, ಕ್ಯಾನ್ಸರಿನ ಅನುಮಾನವೂ ಇಲ್ಲದಿದ್ದರೆ, ಅದನ್ನು ಅಲ್ಲಿಯೇ ನಾಶಮಾಡುವ ಸರಳ ವಿಧಾನಗಳಿವೆ. ಕ್ರಯೋಥೆರಪಿಯಲ್ಲಿ ಅನಿಲದಿಂದ ತಣ್ಣಗಾದ ಲೋಹದ ತುದಿಯನ್ನು ಒತ್ತಿ ಮೂರು ನಿಮಿಷ ಹೆಪ್ಪುಗಟ್ಟಿಸಿ, ಐದು ನಿಮಿಷ ಕರಗಲು ಬಿಟ್ಟು, ಮತ್ತೆ ಮೂರು ನಿಮಿಷ ಹೆಪ್ಪುಗಟ್ಟಿಸುತ್ತಾರೆ. ಥರ್ಮಲ್ ಅಬ್ಲೇಶನ್ ಎಂಬುದು ಅದಕ್ಕೆ ವಿರುದ್ಧ: ಸುಮಾರು 100 ಡಿಗ್ರಿ ಬಿಸಿಯ ತುದಿಯಿಂದ ಒಂದು ನಿಮಿಷದೊಳಗೆ ಸುಡುತ್ತಾರೆ, ಬ್ಯಾಟರಿಯಿಂದ ನಡೆಯುವ ಕೈಯಳತೆಯ ಉಪಕರಣ ಬಂದ ಮೇಲೆ ದೊಡ್ಡ ಅನಿಲ ಸಿಲಿಂಡರನ್ನು ಹೊತ್ತು ತಿರುಗುವ ತಾಪತ್ರಯ ತಪ್ಪಿದೆ. ಇನ್ನು ಮಗು ಬೇಕೆನ್ನುವವರು ಲೀಪ್‌ಗೆ ಮುನ್ನ ಒಂದು ವಿಷಯ ಕೇಳಿ ತಿಳಿದುಕೊಳ್ಳಬೇಕು: ಎಷ್ಟು ಆಳಕ್ಕೆ ಕತ್ತರಿಸಿದರೋ ಅಷ್ಟರಮಟ್ಟಿಗೆ ಮುಂದಿನ ಬಸಿರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಸ್ವಲ್ಪ ಏರುತ್ತದೆ. ಚಿಕಿತ್ಸೆ ಬೇಕು ಎಂದು ತೀರ್ಮಾನವಾದ ಮೇಲೆ ಆರು ತಿಂಗಳೊಳಗೆ ಅದು ಮುಗಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಸಿರಿದ್ದರೆ ಹೆರಿಗೆಯಾಗುವವರೆಗೆ ಕಾಯಬಹುದು.

ಚಿಕಿತ್ಸೆಗೆ ಹೋದ ದಿನ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯ ಮಹಿಳೆ, ಮುಟ್ಟು ನಿಂತು ಐದು ವರ್ಷದ ಮೇಲೆ ಮತ್ತೆ ರಕ್ತ ಕಂಡಾಗ ‘ಮುಟ್ಟು ತಿರುಗಿ ಬಂತು’ ಎಂದುಕೊಂಡು ಒಂದು ವರ್ಷ ಸುಮ್ಮನಿದ್ದರಂತೆ. ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಮುಟ್ಟಿನ ನಡುವೆ ಕಾಣುವ ರಕ್ತ, ಸಂಪರ್ಕದ ನಂತರ ಕಾಣುವ ರಕ್ತ, ವಾಸನೆ ಇರುವ ಬಿಳಿಸೆರಗು, ಇವು ಕ್ಯಾನ್ಸರಿನ ಲಕ್ಷಣಗಳಾಗಿರಬಹುದು. ನನ್ನ ಹಂತದಲ್ಲಿ ಇವ್ಯಾವುವೂ ಇರುವುದಿಲ್ಲ, ಆದ್ದರಿಂದ ‘ನನಗೇನೂ ತೊಂದರೆ ಇಲ್ಲವಲ್ಲ’ ಎಂಬ ಮಾತು ತಪಾಸಣೆಗೆ ಹೋಗದಿರಲು ಕಾರಣವಾಗಲಾರದು. ಆಕೆಗೆ ಗೆಡ್ಡೆ ಗರ್ಭಕಂಠವನ್ನು ದಾಟಿ ಪಕ್ಕಕ್ಕೆ ಹರಡಿತ್ತು. ಹಾಗೆ ಹರಡಿದಾಗ ಶಸ್ತ್ರಚಿಕಿತ್ಸೆಗಿಂತ ವಿಕಿರಣವೇ ಮುಖ್ಯ ಚಿಕಿತ್ಸೆ: ಸುಮಾರು ಐದು ವಾರ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋಥೆರಪಿ ಔಷಧ, ಕೊನೆಗೆ ಗರ್ಭಕಂಠದೊಳಗೇ ನಳಿಕೆ ಇಟ್ಟು ಕೊಡುವ ಬ್ರಾಕಿಥೆರಪಿ ಎಂಬ ವಿಕಿರಣ, ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ಫಲ ಕಡಿಮೆ. ಸಿಸ್‌ಪ್ಲಾಟಿನ್ ಸೇರಿಸಿದರೆ ಹೆಚ್ಚು ಮಂದಿ ಉಳಿಯುತ್ತಾರೆ ಎಂಬುದು 1999ರಲ್ಲಿ ಖಚಿತವಾಯಿತು. ಗೆಡ್ಡೆ ಸಣ್ಣದಾಗಿ ಗರ್ಭಕಂಠದೊಳಗೇ ಇದ್ದರೆ ಶಸ್ತ್ರಚಿಕಿತ್ಸೆಯಿಂದಲೇ ಗುಣಪಡಿಸಬಹುದು, ತೀರಾ ಆರಂಭದ್ದಾದರೆ ಗರ್ಭಕೋಶವನ್ನು ಉಳಿಸಿ ಗರ್ಭಕಂಠವನ್ನಷ್ಟೇ ತೆಗೆಯುವ ದಾರಿಯೂ ಇದೆ. ಒಂದು ಎಚ್ಚರಿಕೆ: ಕ್ಯಾನ್ಸರಿಗಾಗಿ ಗರ್ಭಕೋಶವನ್ನು ಸುತ್ತಲಿನ ಅಂಗಾಂಶದೊಂದಿಗೆ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ, ಸಣ್ಣ ರಂಧ್ರಗಳ ಮೂಲಕ ಮಾಡಿದವರಿಗಿಂತ ಹೊಟ್ಟೆ ತೆರೆದು ಮಾಡಿಸಿಕೊಂಡವರು ಹೆಚ್ಚು ಮಂದಿ ಬದುಕುಳಿದರು ಎಂದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಅನೇಕರ ನಿರೀಕ್ಷೆಗೆ ವಿರುದ್ಧವಾಗಿ ತೋರಿಸಿತು. ಗಾಯ ಚಿಕ್ಕದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೆಲಸ ಮಾಡಲಿಲ್ಲ.

ಲಸಿಕೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ನನ್ನ ಪಾಲಿಗೆ ಅದು ತಡವಾಗಿ ಬಂದ ವಸ್ತು. ವೈರಸ್ಸಿನ ಹೊರಕವಚದ ಪ್ರೋಟೀನನ್ನು ಒಂಟಿಯಾಗಿ ತಯಾರಿಸಿದರೆ ಅದು ತಾನಾಗಿಯೇ ಒಟ್ಟುಗೂಡಿ ವೈರಸ್ಸಿನ ಆಕಾರದ ಟೊಳ್ಳು ಚೆಂಡಾಗುತ್ತದೆ. ಒಳಗೆ ಡಿಎನ್‌ಎ ಇಲ್ಲದ್ದರಿಂದ ಸೋಂಕು ಹತ್ತಿಸಲಾರದು, ಆದರೆ ದೇಹ ಅದನ್ನು ನಿಜವೆಂದೇ ತಿಳಿದು ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ 1991ರಲ್ಲಿ ತೋರಿಸಿದ ಈ ದಾರಿಯಲ್ಲಿ ಮೊದಲ ಲಸಿಕೆ 2006ರಲ್ಲಿ ಬಂದಿತು. ಅದನ್ನು ನೋಡಲು ಝೌ ಇರಲಿಲ್ಲ, 1999ರಲ್ಲಿಯೇ ತೀರಿಕೊಂಡಿದ್ದರು. ಇರುವ ಸೋಂಕನ್ನು ಲಸಿಕೆ ಗುಣಪಡಿಸುವುದಿಲ್ಲ, ಬರುವುದನ್ನು ತಡೆಯುತ್ತದೆ, ಆದ್ದರಿಂದಲೇ 9ರಿಂದ 14ರ ವಯಸ್ಸಿನಲ್ಲಿ ಕೊಡಿಸಬೇಕು ಎನ್ನುವುದು. ಮೊದಲು ಮೂರು ಡೋಸ್ ಇದ್ದದ್ದು ಎರಡಾಗಿ, 20 ವರ್ಷದವರೆಗಿನವರಿಗೆ ಒಂದೇ ಡೋಸ್ ಕೂಡ ಸಾಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಸ್ವೀಡನ್ನಿನಲ್ಲಿ 16 ಲಕ್ಷಕ್ಕೂ ಹೆಚ್ಚು ಹುಡುಗಿಯರು ಮತ್ತು ಮಹಿಳೆಯರ ದಾಖಲೆಗಳನ್ನು ನೋಡಿದಾಗ, 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ 88ರಷ್ಟು ಕಡಿಮೆ ಇತ್ತು. ಸ್ಕಾಟ್ಲೆಂಡಿನಲ್ಲಿ 12-13ರ ವಯಸ್ಸಿಗೆ ಪಡೆದ ಮೊದಲ ತಂಡಗಳಲ್ಲಿ ಒಂದೂ ಪ್ರಕರಣ ಕಂಡಿಲ್ಲವೆಂದು 2024ರಲ್ಲಿ ವರದಿಯಾಯಿತು. ಇದಕ್ಕೆ ತದ್ವಿರುದ್ಧವಾಗಿ ಜಪಾನಿನಲ್ಲಿ, ಅಡ್ಡಪರಿಣಾಮಗಳ ಸುದ್ದಿ ಹಬ್ಬಿ 2013ರಲ್ಲಿ ಸರ್ಕಾರ ತನ್ನ ಶಿಫಾರಸನ್ನು ತಡೆಹಿಡಿದದ್ದೇ ತಡ, ಶೇ 70ರಷ್ಟಿದ್ದ ಲಸಿಕೆಯ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ಆ ಸುದ್ದಿಗಳಿಗೂ ಲಸಿಕೆಗೂ ನಂಟು ಸಿಗಲಿಲ್ಲ, ಶಿಫಾರಸು ಮರಳಿದ್ದು 2022ರಲ್ಲಿ. ತೋಳು ನೋವು, ಸ್ವಲ್ಪ ಜ್ವರ, ಚುಚ್ಚಿದ ಕೂಡಲೇ ಕೆಲವು ಮಕ್ಕಳಿಗೆ ಬರುವ ತಲೆಸುತ್ತು, ಸಾಮಾನ್ಯವಾಗಿ ಕಾಣುವುದು ಇಷ್ಟೇ. ಗಂಡುಮಕ್ಕಳಿಗೂ ಹಲವು ದೇಶಗಳು ಕೊಡುತ್ತಿವೆ. ಗಂಟಲಿನ, ಗುದದ್ವಾರದ ಕೆಲವು ಕ್ಯಾನ್ಸರುಗಳಿಗೂ ಇದೇ ವೈರಸ್ ಕಾರಣವಾದ್ದರಿಂದ ಅದು ನ್ಯಾಯವೇ. ಎಲ್ಲ ಮಾದರಿಗಳನ್ನೂ ಲಸಿಕೆ ತಡೆಯುವುದಿಲ್ಲವಾದ್ದರಿಂದ ಪಡೆದವರಿಗೂ ಮುಂದೆ ತಪಾಸಣೆ ತಪ್ಪುವುದಿಲ್ಲ.

2020ರ ನವೆಂಬರ್ 17ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಕ್ಯಾನ್ಸರನ್ನು ತೊಡೆದುಹಾಕುವ ಗುರಿಯನ್ನು ಘೋಷಿಸಿತು. 2030ರ ಹೊತ್ತಿಗೆ ಶೇ 90ರಷ್ಟು ಹುಡುಗಿಯರಿಗೆ 15 ವರ್ಷದೊಳಗೆ ಲಸಿಕೆ, ಶೇ 70ರಷ್ಟು ಮಹಿಳೆಯರಿಗೆ 35ರ ವಯಸ್ಸಿನೊಳಗೆ ಒಮ್ಮೆ ಮತ್ತು 45ರೊಳಗೆ ಇನ್ನೊಮ್ಮೆ ತಪಾಸಣೆ, ರೋಗ ಕಂಡವರಲ್ಲಿ ಶೇ 90ರಷ್ಟು ಮಂದಿಗೆ ಚಿಕಿತ್ಸೆ. ಮೊದಲಿನ ಎರಡು ಅಂಕಿಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಮೂರನೆಯದು ಸುಲಭವಾದದ್ದೆಂಬಂತೆ ಕಾಣುತ್ತದೆ, ರೋಗ ಕಂಡ ಮೇಲೆ ಯಾರು ತಾನೇ ಚಿಕಿತ್ಸೆ ಬಿಡುತ್ತಾರೆ ಎಂದು. ಬಿಡುತ್ತಾರೆ. ಓದು ಬರಹ ಬಲ್ಲ, ಸಂಬಳ ತರುವ, ಆಸ್ಪತ್ರೆಗೆ ಒಬ್ಬಳೇ ಹೋಗಿಬರಬಲ್ಲ ನಾನೇ ಬಿಟ್ಟಿದ್ದೆ. ವರದಿಯ ಜೊತೆಗೆ ಮುಂದಿನ ಭೇಟಿಯ ದಿನಾಂಕವನ್ನೂ ಬರೆದು ಕೊಟ್ಟಿದ್ದರೆ, ಅಥವಾ ಹದಿನೈದು ದಿನದ ಮೇಲೆ ಒಂದು ಫೋನ್ ಬಂದಿದ್ದರೆ, ನಾನು ಹೋಗಿರುತ್ತಿದ್ದೆ ಎಂದು ನನಗೆ ಅನಿಸುತ್ತದೆ.

ಲೀಪ್ ಆಗಿ ಹನ್ನೆರಡು ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂದಿತು. ಒಮ್ಮೆ ಸಿಐಎನ್ 3 ಬಂದವರಿಗೆ ಇತರರಿಗಿಂತ ಹೆಚ್ಚು ವರ್ಷ ಕಣ್ಗಾವಲು ಬೇಕು, ಆದ್ದರಿಂದ ಮುಂದಿನ ದಿನಾಂಕಗಳನ್ನು ಬರೆಸಿಕೊಂಡು ಬಂದೆ. ಆ ವಾರವೇ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಕ್ಕನಿಗೆ ಈಗ 56, ಜೀವಮಾನದಲ್ಲಿ ಒಂದು ಬಾರಿಯೂ ತಪಾಸಣೆ ಮಾಡಿಸಿದವಳಲ್ಲ. ‘ನನ್ನದೆಲ್ಲ ನಿಂತು ಆರು ವರ್ಷವಾಯಿತು, ಇನ್ನೇನು ಪರೀಕ್ಷೆಯೇ’ ಎಂದಳು. 50 ದಾಟಿದ್ದರೂ ಒಮ್ಮೆಯೂ ತಪಾಸಣೆ ಆಗದವರನ್ನು ಬಿಡಬಾರದು ಎಂದೇ ಮಾರ್ಗಸೂಚಿ ಹೇಳುತ್ತದೆ, ಬಿಳಿ ಮಚ್ಚೆ ನೋಡುವ ಪರೀಕ್ಷೆ ನಿನಗೆ ಆಗದಿದ್ದರೂ ವೈರಸ್ ಹುಡುಕುವ ಪರೀಕ್ಷೆ ಆಗುತ್ತದೆ, ಬ್ರಶ್ಶನ್ನು ನೀನೇ ಹಾಕಿಕೊಳ್ಳಬಹುದು, ಯಾರೂ ನೋಡುವುದಿಲ್ಲ ಎಂದು ವಾದಿಸಿದೆ. ಕೊನೆಯ ಮಾತಿಗೆ ಒಪ್ಪಿದಳು. ಮೊನ್ನೆ ಚಿಕಿತ್ಸಾಲಯದ ಬಚ್ಚಲಿಗೆ ಕೊಳವೆ ಹಿಡಿದು ಹೋದವಳು ಐದು ನಿಮಿಷದಲ್ಲಿ ಹೊರಬಂದು, ‘ಇಷ್ಟೇನಾ?’ ಎಂದಳು. ಫಲಿತಾಂಶ ಬರಲು ಎರಡು ವಾರವಂತೆ. ಫೋನ್ ನಂಬರ್ ಬರೆಯುವ ಜಾಗದಲ್ಲಿ ಅವಳದರ ಜೊತೆಗೆ ನನ್ನದನ್ನೂ ಬರೆದು ಬಂದಿದ್ದೇನೆ.